ಕನಿಕರವೆಂಬ ಶಬ್ದವೂ ರೋಗಶಯ್ಯೆಯ ಧರ್ಮವೂ

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬ ಊರುಗಳನ್ನು ಒಳಗೊಂಡು ತುಂಗಭದ್ರೆಯ ದಕ್ಷಿಣಕ್ಕೆ ಹರಡಿರುವ ಸೀಮೆಯು ವಿಜಯನಗರದ ಮೂಲನೆಲವೆಂದು ಪ್ರಸಿದ್ಧವಾಗಿರುವುದಷ್ಟೆ. ಕ್ರೈಸ್ತ ಗ್ರಂಥಗಳು ಕನ್ನಡಕ್ಕೆ ಬಂದ ಚರಿತ್ರೆಯಲ್ಲಿಯೂ ಈ ಸೀಮೆಗೆ ಸಂಬಂಧವುಂಟೆಂಬುದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಕಠಿನವ್ಯಾಧಿಯಿಂದ ಮಲಗಿದವನ ಬಳಿಗೆ ಹೋಗಿ ಕುಳಿತು, ಶುಶ್ರೂಷೆಯನ್ನು ಮಾಡಿ, ಸಮಯವರಿತು ತಮ್ಮ ನಂಬಿಕೆಯ ಮಾತನ್ನು ಆಡುವುದನ್ನು ಕ್ರೈಸ್ತರು ಒಂದು ಮುಖ್ಯ ಧರ್ಮವೆಂದೇ ಎಣಿಸುತ್ತಾರೆ. ಆ ಧರ್ಮದ ಸ್ವರೂಪವೇನು, ಅದನ್ನು ಹೇಳುವುದಕ್ಕೆ ಕನ್ನಡದಲ್ಲಿ ನೆಲೆಗೊಂಡ ಶಬ್ದಗಳ ಸ್ವಾರಸ್ಯವೇನು, ಅದರ ಎಲ್ಲೆ ಯಾವುದು ಎಂಬ ಮೂರು ವಿಷಯಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

೧

ಕ್ರಿ. ಶ. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಮುಂತಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿದುವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದಿತು. ೨೦೨೧ರಿಂದ ಮೊದಲಿನ ಎರಡು ಊರುಗಳು ವಿಜಯನಗರ ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಗೂ ಸೇರಿರುವುವು. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡವನ್ನು ಅಭ್ಯಾಸಮಾಡಿ, ಬೈಬಲ್ಲಿನ ಭಾಷಾಂತರಕ್ಕೆ ಕೈಹಾಕಿದರು. ಅವರ ಸಹೋದ್ಯೋಗಿಗಳಾದ ವಿಲಿಯಂ ರೀವ್ ೧೮೨೪ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರಗೆ ತಂದರು. ಬಳ್ಳಾರಿಯ ಮಿಷನರಿಗಳು ಹಂಪೆಯ ವಿರೂಪಾಕ್ಷಸ್ವಾಮಿಯ ಜಾತ್ರೆಗೂ ಹೋಗಿ ಜನಸಂದಣಿಯಲ್ಲಿ ಉಪದೇಶ ಮಾಡುತ್ತಿದ್ದರು. ಜಾತ್ರೆಯ ಈ ಉಪದೇಶಕ್ಕೂ ರೋಗಿಯ ಹಾಸಿಗೆಯ ಬಳಿಯ ಮಾತಿಗೂ ಇರುವ ತಾರತಮ್ಯವನ್ನು ಮುಂದೆ ಹೇಳಬೇಕಾಗಿರುವುದರಿಂದ ಈ ಸಂಗತಿಯನ್ನು ನೆನಪಿನಲ್ಲಿಡುವುದು ಯುಕ್ತ.

೨

ಈಗ ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ರೋಗಿಗಳನ್ನೂ ದಿಕ್ಕಿಲ್ಲದವರನ್ನೂ ಕಂಡು ಯೇಸುವಿನ ಮನಸ್ಸಿನಲ್ಲಿ ಹುಟ್ಟಿದ ಭಾವಕ್ಕೆ ‘ಕನಿಕರ’ ಎಂಬ ಶಬ್ದವು ಹೆಚ್ಚಾಗಿ ಬಂದಿದೆ. ದಯಾ, ಕೃಪಾ, ಕರುಣಾ ಮುಂತಾದ ಸಂಸ್ಕೃತ ಶಬ್ದಗಳು ಇರುವಲ್ಲಿಯೂ ಈ ದೇಶ್ಯಶಬ್ದಕ್ಕೆ ಮಾನ್ಯತೆ ದೊರೆತುದು ಗಮನಾರ್ಹ. ಇದೇ ಶಬ್ದವು ತೆಲುಗಿನಲ್ಲಿ ‘ಕನಿಕರಮು’ ಎಂದಿದೆ. ಕನ್ನಡ ತೆಲುಗುಗಳೆರಡೂ ಬೆರೆತು ನಡೆಯುವ ಬಳ್ಳಾರಿ ಸೀಮೆಯಲ್ಲಿ ಎರಡು ಭಾಷೆಯ ಒಕ್ಕಲಿಗನಿಗೂ ಒಂದೇ ಸಲಕ್ಕೆ ತಿಳಿಯುವ ಮಾತು ಇದು.

ಗ್ರೀಕ್ ಮೂಲದಲ್ಲಿ ಈ ಭಾವಕ್ಕಿರುವ ಕ್ರಿಯಾಪದವು ‘ಸ್ಪ್ಲಾಂಖ್ನ’ ಎಂಬ ನಾಮದಿಂದ ಹುಟ್ಟಿದುದು. ಆ ನಾಮಕ್ಕೆ ಒಳಗಿನ ಅಂಗಗಳು, ಕರುಳು ಎಂದು ಅರ್ಥ. ಹೀಬ್ರೂ ಭಾಷೆಯಲ್ಲಿ ಕರುಣೆಗೆ ಹೇಳುವ ‘ರಹಮೀಮ್’ ಎಂಬ ಶಬ್ದವು ಗರ್ಭಕೋಶಕ್ಕೆ ಹೇಳುವ ‘ರೆಹೆಮ್’ ಎಂಬುದಕ್ಕೆ ಸಂಬಂಧಿಸಿದುದು. ಕನ್ನಡಿಗನಿಗೆ ಇದರಲ್ಲಿ ಹೊಸತೇನೂ ಇಲ್ಲ. ಹೆತ್ತ ಕರುಳು, ಕರುಳಿನ ಕುಡಿ, ಕರುಳು ಚುರುಕ್ಕೆಂದಿತು ಎಂಬ ಮಾತುಗಳು ಓದುಬರಹವಿಲ್ಲದವರ ಬಾಯಿಯಲ್ಲಿಯೂ ನಿತ್ಯವೂ ಬರುವುವು. ದೂರದ ಎರಡು ಭಾಷೆಗಳೂ ಕನ್ನಡವೂ ಪರರ ನೋವಿಗೆ ಮಿಡಿಯುವ ಸ್ಥಾನವನ್ನು ಹೊಟ್ಟೆಯೊಳಗೇ ಗುರುತಿಸಿರುವುವು. ಸಂಸ್ಕೃತದ ‘ಅನುಕಂಪಾ’ ಎಂಬುದೂ ಇಂಥದೇ. ಒಬ್ಬನು ನಡುಗಿದಾಗ ಮತ್ತೊಬ್ಬನು ಅವನೊಡನೆ ತಾನೂ ನಡುಗುವುದು ಅದರ ಅವಯವಾರ್ಥ. ಆದುದರಿಂದ ಕನಿಕರವೆಂದರೆ ಮೇಲೆ ನಿಂತವನು ಕೆಳಗಿನವನಿಗೆ ನೀಡುವ ಭಿಕ್ಷೆಯಲ್ಲ, ನೋವಿನಲ್ಲಿ ಪಾಲುಗೊಳ್ಳುವುದು. ರೋಗಿಯ ಬಳಿಗೆ ಹೋಗುವವನು ಮೊದಲು ಅರಿಯಬೇಕಾದುದು ಈ ಶಬ್ದಾರ್ಥವನ್ನೇ.

೩

ಕ್ರೈಸ್ತ ಗ್ರಂಥಗಳಲ್ಲಿ ರೋಗಶಯ್ಯೆಯ ಧರ್ಮವನ್ನು ತಿಳಿಸುವ ಪ್ರಸಂಗಗಳು ಅನೇಕವುಂಟು. ಕಡೆಯ ತೀರ್ಪಿನ ದಿನ ಪ್ರಭುವು ಕೇಳುವ ಪ್ರಶ್ನೆಗಳಲ್ಲಿ ರೋಗಿಯನ್ನು ಹೋಗಿ ನೋಡಿದುದೂ ಒಂದೆಂದು ಮತ್ತಾಯನ ಸುವಾರ್ತೆಯು ಹೇಳುತ್ತದೆ. ರೋಗಿಗೆ ಮಾಡಿದ ಸೇವೆಯು ತನಗೇ ಮಾಡಿದ ಸೇವೆಯೆಂದು ಅಲ್ಲಿಯ ತಾತ್ಪರ್ಯ. ಲೂಕನ ಸುವಾರ್ತೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದ ಪರಮತದವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ, ಗಾಯವನ್ನು ಕಟ್ಟಿ, ಛತ್ರಕ್ಕೆ ಸಾಗಿಸಿ, ಖರ್ಚಿಗೆ ಹಣವನ್ನು ಕೊಟ್ಟು ಹೋಗುತ್ತಾನೆ. ಅವನು ತನ್ನ ಮತವನ್ನು ಕುರಿತು ಒಂದು ಮಾತನ್ನೂ ಆಡಿದಂತೆ ಕಥೆಯಲ್ಲಿಲ್ಲ. ಬಾರ್ತಿಮಾಯನೆಂಬ ಕುರುಡನು ಕೂಗಿಕೊಂಡಾಗ, ಅವನಿಗೆ ಬೇಕಾದುದು ಎದುರಿಗೇ ಕಾಣುತ್ತಿದ್ದರೂ, ಏನು ಮಾಡಬೇಕೆಂದು ಯೇಸುವು ಅವನನ್ನೇ ಕೇಳಿದನೆಂದು ಮಾರ್ಕನು ಬರೆಯುತ್ತಾನೆ. ರೋಗಿಯ ಇಷ್ಟವನ್ನು ಕೇಳದೆ ಮುಂದುವರಿಯಬಾರದೆಂಬ ಮರ್ಯಾದೆಯು ಇಲ್ಲಿ ಸ್ಪಷ್ಟವಾಗಿದೆ.

ಇವೆಲ್ಲಕ್ಕಿಂತ ಆಳವಾದ ಪಾಠವು ಯೋಬನ ಗ್ರಂಥದಲ್ಲಿದೆ. ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನನ್ನು ನೋಡಲು ಮೂವರು ಮಿತ್ರರು ಬಂದು, ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಮಿತ್ರರು. ಬಾಯಿ ತೆರೆದು, ಈ ದುಃಖವು ನಿನ್ನ ಪಾಪದ ಫಲವೆಂದು ವಾದಿಸತೊಡಗಿದ ಕೂಡಲೆ ಅವರು ರೋಗಿಗೆ ಮತ್ತೊಂದು ರೋಗವಾದರು; ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೂ ಗುರಿಯಾದರು. ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಶಿಷ್ಯರು ಕೇಳಿದಾಗ, ಎರಡೂ ಅಲ್ಲವೆಂದು ಯೇಸುವು ಉತ್ತರ ಕೊಟ್ಟನೆಂದು ಯೋಹಾನನ ಸುವಾರ್ತೆಯಲ್ಲಿದೆ. ನರಳುವವನ ಮುಂದೆ ಪೂರ್ವಕರ್ಮದ ಲೆಕ್ಕವನ್ನು ಬಿಡಿಸುವ ನಮ್ಮವರಿಗೂ ಈ ಎರಡು ಪ್ರಸಂಗಗಳು ಮನನಯೋಗ್ಯವಾಗಿವೆ.

೪

ಈ ಧರ್ಮವನ್ನು ನಮ್ಮ ವೈದ್ಯಶಾಸ್ತ್ರದೊಡನೆ ಹೋಲಿಸಿ ನೋಡುವುದು ಉಚಿತ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಿಗೆ ಇರಬೇಕಾದ ಗುಣಗಳು ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು. ಅನುರಾಗವನ್ನು ಶಾಸ್ತ್ರಕಾರನು ಗುಣಗಳ ಎಣಿಕೆಯಲ್ಲಿಯೇ ಸೇರಿಸಿದುದರಿಂದ, ಸ್ನೇಹವಿಲ್ಲದ ಶುಶ್ರೂಷೆಯು ಅಂಗಹೀನವಾದ ಚಿಕಿತ್ಸೆಯೆಂದೇ ಆಗುತ್ತದೆ.

ಅದೇ ಸ್ಥಾನದಲ್ಲಿ ವೈದ್ಯನ ವೃತ್ತಿಯೂ ನಾಲ್ಕು ಬಗೆಯೆಂದು ಹೇಳಿದೆ: ಎಲ್ಲರಲ್ಲಿಯೂ ಮೈತ್ರಿ, ನೊಂದವರಲ್ಲಿ ಕಾರುಣ್ಯ, ಸಾಧ್ಯರೋಗಿಯಲ್ಲಿ ಪ್ರೀತಿ, ಸಾವಿನ ಕಡೆಗೆ ಸಾಗಿದವನಲ್ಲಿ ಉಪೇಕ್ಷೆ. ಈ ಉಪೇಕ್ಷೆಯೆಂಬುದು ತಿರಸ್ಕಾರವಲ್ಲ. ಫಲವಿಲ್ಲದ ಚಿಕಿತ್ಸೆಯಿಂದ ರೋಗಿಯನ್ನು ಹಿಂಸಿಸದೆ ವೈದ್ಯನು ಹಿಂದೆ ಸರಿಯುವುದು. ವೈದ್ಯನು ಸರಿದ ಮೇಲೆ ಆ ಹಾಸಿಗೆಯ ಬಳಿ ಕೂರುವವರು ಯಾರು ಎಂಬುದೇ ಮುಂದಿನ ಪ್ರಶ್ನೆ. ಮನೆಯವರು ಕೂರುತ್ತಾರೆ, ಮನೆಯವರಿಲ್ಲದವನಿಗೆ ಯಾರು? ಕ್ರೈಸ್ತರ ರೋಗಿದರ್ಶನದ ಧರ್ಮವು ಮುಖ್ಯವಾಗಿ ಈ ತೆರವಿನಲ್ಲಿ ತನ್ನ ಸ್ಥಾನವನ್ನು ಕಂಡುಕೊಂಡಿದೆ.

ಸಾಹಿತ್ಯಶಾಸ್ತ್ರದ ದೃಷ್ಟಿಯಿಂದಲೂ ಒಂದು ಭೇದವನ್ನು ತಿಳಿಯಬೇಕು. ಕರುಣರಸಕ್ಕೆ ಶೋಕವು ಸ್ಥಾಯಿಭಾವ. ನಾಟಕದಲ್ಲಿ ಅದನ್ನು ಸವಿಯುವ ಸಹೃದಯನು ಕಣ್ಣೀರನ್ನು ಒರಸಿಕೊಂಡು ಮನೆಗೆ ಹೋಗಬಹುದು. ರೋಗಿಯ ಬಳಿ ಬೇಕಾದುದು ಅದಲ್ಲ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ವೀರರಸವನ್ನು ದಾನ, ಧರ್ಮ, ಯುದ್ಧ, ದಯಾ ಎಂದು ನಾಲ್ಕಾಗಿ ವಿಭಾಗಿಸಿದ್ದಾನೆ. ದಯಾವೀರಕ್ಕೆ ಉತ್ಸಾಹವು ಸ್ಥಾಯಿ. ನಾಗಾನಂದದ ಜೀಮೂತವಾಹನನು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರ ಕವಿಯ ರಗಳೆಗಳಲ್ಲಿ ಕಣ್ಣಪ್ಪನ ಕಥೆಯೂ ಒಂದು. ಶಿವನ ಕಣ್ಣಿನ ನೋವನ್ನು ಕಂಡ ಬೇಡನು ಶಾಸ್ತ್ರವನ್ನು ವಿಚಾರಿಸದೆ ತನ್ನ ಕಣ್ಣನ್ನೇ ಕೊಡುತ್ತಾನೆ. ಹುಣ್ಣನ್ನು ತೊಳೆಯುವುದು, ರಾತ್ರಿ ಎಚ್ಚರವಾಗಿರುವುದು, ಮಲಮೂತ್ರಕ್ಕೆ ಹೇಸದಿರುವುದು, ಇವು ಕರುಣರಸದ ಕಾರ್ಯಗಳಲ್ಲ, ದಯಾವೀರದ ಕಾರ್ಯಗಳು. ರೋಗಿಯನ್ನು ನೋಡಿ ಮರುಗುವುದಷ್ಟರಿಂದಲೇ ಧರ್ಮವು ಪೂರೈಸಿತೆಂದು ಭಾವಿಸುವವನು ರಸವನ್ನು ತಪ್ಪಾಗಿ ಗ್ರಹಿಸಿದವನೇ ಸರಿ.

೫

ಇನ್ನು ಎಲ್ಲೆಯ ವಿಚಾರ. ಹಂಪೆಯ ಜಾತ್ರೆಯಲ್ಲಿ ಉಪದೇಶವನ್ನು ಕೇಳುವವನಿಗೆ ಬೇಡವೆನಿಸಿದರೆ ತೇರಿನ ಕಡೆಗೆ ನಡೆದುಬಿಡುವ ಸ್ವಾತಂತ್ರ್ಯವುಂಟು. ಹಾಸಿಗೆಯಲ್ಲಿ ಮಲಗಿದವನಿಗೆ ಎದ್ದುಹೋಗುವ ಶಕ್ತಿಯಿಲ್ಲ. ನೀರು ಕೊಡುವ ಕೈಯೇ ಉಪದೇಶವನ್ನೂ ಮಾಡತೊಡಗಿದರೆ, ಬೇಡವೆಂದರೆ ನೀರೂ ನಿಂತೀತೆಂಬ ಭಯವು ಅವನಿಗೆ ಸಹಜ. ಜಾತ್ರೆಯ ಮಾತಿನ ರೀತಿಯು ಹಾಸಿಗೆಯ ಬಳಿ ಸಲ್ಲದೆಂಬುದಕ್ಕೆ ಇದೇ ಕಾರಣ.

ಈ ಸೂಕ್ಷ್ಮವನ್ನು ಕ್ರೈಸ್ತರಲ್ಲಿಯೇ ವಿವೇಕಿಗಳು ಅರಿತಿದ್ದರು. ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸು ಆಧಿಪತ್ಯದ ಬಹುಭಾಗವು ನೊಂದಿತು. ಬಳ್ಳಾರಿಯು ಅತ್ಯಂತ ನೊಂದ ಜಿಲ್ಲೆಗಳಲ್ಲಿ ಒಂದು. ಅದೇ ಬರದಲ್ಲಿ ತೆಲುಗು ನಾಡಿನ ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಎಂಬವರು ಹಸಿದವರಿಗೆ ಕೆಲಸವನ್ನೂ ಅನ್ನವನ್ನೂ ಒದಗಿಸುತ್ತಿದ್ದಷ್ಟು ಕಾಲವೂ ದೀಕ್ಷಾಸ್ನಾನವನ್ನು ಕೊಡುವುದನ್ನು ನಿಲ್ಲಿಸಿದರು. ಅನ್ನದ ಆಸೆಗಾಗಿ ಯಾರೂ ಮತಕ್ಕೆ ಬರಬಾರದೆಂಬುದು ಅವರ ಅಭಿಪ್ರಾಯ. ಪರಿಹಾರಕಾರ್ಯವು ಮುಗಿದ ಮೇಲೆ, ೧೮೭೮ರ ಜುಲೈ ತಿಂಗಳಲ್ಲಿ, ಒಂದೇ ದಿನ ೨,೨೨೨ ಜನರು ದೀಕ್ಷಾಸ್ನಾನವನ್ನು ಪಡೆದರು. ಆ ಸಂಖ್ಯೆಯನ್ನು ಕುರಿತು ಯಾರ ಅಭಿಪ್ರಾಯವು ಏನೇ ಇರಲಿ, ಉಪಕಾರವನ್ನೂ ಉಪದೇಶವನ್ನೂ ಬೇರ್ಪಡಿಸಿದ ಆ ನಿಯಮವು ರೋಗಶಯ್ಯೆಗೂ ಅನ್ವಯಿಸತಕ್ಕುದು. ಭಾರತ ಸಂವಿಧಾನವು ತನ್ನ ಮತವನ್ನು ಪ್ರಸಾರಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ; ಆದರೆ ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ತೀರ್ಪಿತ್ತಿದೆ.

ಹಾಗಾದರೆ ನಂಬಿಕೆಯ ಮಾತನ್ನು ಆಡಲೇಬಾರದೆ? ಇದಕ್ಕೆ ಎರಡು ಪಕ್ಷಗಳುಂಟು. ಸೇವೆಯಷ್ಟೇ ಸಾಕು, ಮಾತು ಬೇಡವೆಂಬುದು ಒಂದು ಪಕ್ಷ. ತನಗೆ ಧೈರ್ಯಕೊಟ್ಟ ನಂಬಿಕೆಯನ್ನು ಸಾಯುತ್ತಿರುವವನಿಂದ ಬಚ್ಚಿಡುವುದು ಪ್ರೀತಿಯ ಲಕ್ಷಣವಲ್ಲವೆಂಬುದು ಇನ್ನೊಂದು. ಎರಡನೆಯದರಲ್ಲಿಯೂ ಸತ್ಯಾಂಶವಿದೆ. ಸಾವು ಸಮೀಪಿಸಿದವನು ಕೇಳುವ ಪ್ರಶ್ನೆಗಳಿಗೆ ಔಷಧದಲ್ಲಿ ಉತ್ತರವಿರುವುದಿಲ್ಲ. ಅವನೇ ಕೇಳಿದಾಗ ತಾನು ನಂಬಿದುದನ್ನು ಮರೆಮಾಚದೆ ಹೇಳುವುದು ಸತ್ಯವಂತನ ಕರ್ತವ್ಯ. ಆದರೆ ಕೇಳುವ ಅಧಿಕಾರವು ರೋಗಿಯದು. ಬಾರ್ತಿಮಾಯನಿಗೆ ಹಾಕಿದ ಪ್ರಶ್ನೆಯೇ ಇಲ್ಲಿ ಪ್ರಮಾಣ. ವಿರೂಪಾಕ್ಷನ ಪ್ರಸಾದವನ್ನು ತರಿಸಿಕೊಡೆಂದು ರೋಗಿಯು ಬೇಡಿದರೆ, ಅದನ್ನು ತರಿಸಿಕೊಡುವ ಕ್ರೈಸ್ತನಲ್ಲಿ ಕನಿಕರವು ಪೂರ್ಣವಾಗಿದೆಯೆಂದು ಹೇಳಬಹುದು.

೬

ಇತ್ತೀಚಿನ ಕಾಲದಲ್ಲಿ ಈ ಧರ್ಮವು ಇದೇ ದಿಕ್ಕಿನಲ್ಲಿ ಪರಿಷ್ಕಾರವನ್ನು ಹೊಂದಿದೆ. ಕಥೋಲಿಕರಲ್ಲಿ ರೋಗಿಗೆ ತೈಲಲೇಪನ ಮಾಡುವ ಸಂಸ್ಕಾರವು ಬಹುಕಾಲ ಅಂತ್ಯಲೇಪನವೆಂದು ಕರೆಯಲ್ಪಟ್ಟು ಸಾವಿನ ಸೂಚನೆಯಾಗಿದ್ದಿತು. ೧೯೬೨-೬೫ರ ಎರಡನೆಯ ವ್ಯಾಟಿಕನ್ ಮಹಾಸಭೆಯು ಅದನ್ನು ರೋಗಿಗಳ ಲೇಪನವೆಂದು ಕರೆಯುವುದೇ ಯುಕ್ತವೆಂದು ಹೇಳಿ, ಮರಣಾಸನ್ನರಿಗೆ ಮಾತ್ರವಲ್ಲದೆ ಕಠಿನರೋಗಿಗಳಿಗೂ ಸಲ್ಲತಕ್ಕುದೆಂದು ಸ್ಪಷ್ಟಪಡಿಸಿತು. ಕನ್ನಡನಾಡಿನಲ್ಲಿ ಕ್ರೈಸ್ತರು ಸ್ಥಾಪಿಸಿದ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ (೧೮೮೬), ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (೧೯೦೬) ಮುಂತಾದುವು ಎಲ್ಲ ಮತದ ರೋಗಿಗಳಿಗೂ ಆಶ್ರಯವಾಗಿವೆ. ೧೯೬೭ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೊಫರ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ನಿಷ್ಠಾವಂತ ಕ್ರೈಸ್ತರು; ಆದರೂ ಆ ಧಾಮದ ಬಾಗಿಲು ಯಾವ ಮತದವರಿಗೂ, ಮತವಿಲ್ಲದವರಿಗೂ ತೆರೆದಿದ್ದಿತು. ದೇಹದ ನೋವಿನೊಡನೆ ಮನಸ್ಸಿನ, ಸಂಸಾರದ, ಆತ್ಮದ ನೋವುಗಳೂ ಹೆಣೆದುಕೊಂಡಿರುತ್ತವೆಂದು ಅವರು ಬೋಧಿಸಿದರು. ಬೆಂಗಳೂರಿನಲ್ಲಿ ೧೯೯೪ರಲ್ಲಿ ಹುಟ್ಟಿದ ವಿಶ್ವಸ್ತಸಂಸ್ಥೆಯ ಕರುಣಾಶ್ರಯವು ವಾಸಿಯಾಗದ ಅರ್ಬುದರೋಗಿಗಳನ್ನು ಶುಲ್ಕವಿಲ್ಲದೆ ಪಾಲಿಸುತ್ತಿದೆ. ಅದು ಕ್ರೈಸ್ತ ಸಂಸ್ಥೆಯಲ್ಲದಿದ್ದರೂ ಭಾವವು ಒಂದೇ.

ಬಳ್ಳಾರಿಯಲ್ಲಿ ೧೯೬೧ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಸುತ್ತಣ ಸೀಮೆಯ ಕಠಿನರೋಗಿಗಳಿಗೆ ಅಲ್ಲಿಯ ಆಸ್ಪತ್ರೆಯು ದೊಡ್ಡ ಆಸರೆಯಾಗಿದೆ. ಕಂಪ್ಲಿಯ ಗದ್ದೆಯ ಕೂಲಿಯವನೂ ಸಂಡೂರಿನ ಗಣಿಯ ಕೆಲಸದವನೂ ತಾಂಡಾದಿಂದ ಬಂದ ಲಂಬಾಣಿ ಹೆಂಗಸೂ ಅಲ್ಲಿ ಅಕ್ಕಪಕ್ಕದಲ್ಲಿ ಮಲಗಿರಬಹುದು. ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳಲ್ಲಿ ಯಾವುದರಲ್ಲಿ ಅವರು ನೋವನ್ನು ಹೇಳಿಕೊಳ್ಳುತ್ತಾರೋ ಅದರಲ್ಲಿಯೇ ಅವರಿಗೆ ಸಮಾಧಾನವನ್ನೂ ಹೇಳಬೇಕು. ಭಾಷಾಂತರಕಾರರು ಗ್ರಂಥಕ್ಕಾಗಿ ಎರಡು ಶತಮಾನಗಳ ಹಿಂದೆ ಪಟ್ಟ ಪ್ರಯಾಸವನ್ನು ರೋಗಿಯ ಬಳಿಗೆ ಹೋಗುವವನು ಪ್ರತಿದಿನವೂ ಪಡಬೇಕಾಗುತ್ತದೆ. ಶಬ್ದವು ದೊರೆಯದಿದ್ದಾಗ ಯೋಬನ ಮಿತ್ರರ ಮೊದಲ ಏಳು ದಿನಗಳ ಮೌನವು ಅವನಿಗೆ ಮೇಲ್ಪಂಕ್ತಿಯಾಗಲಿ.