ಗಾಳಿಯಾಡುವ ಕಟ್ಟಡಕ್ಕೆ ವಿನಾಯಿತಿ ಏಕೆ?

ಗೋಡೆಗೂ ಚಾವಣಿಗೂ ಇಂತಿಷ್ಟು ಉಷ್ಣರೋಧಕ ಪದರವಿರಬೇಕೆಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಶಕ್ತಿ ಸಂರಕ್ಷಣ ಸಂಹಿತೆಯು ವಿಧಿಸುತ್ತದೆ. ಆದರೆ ಬರಿಯ ಬೀಸಣಿಗೆಯುಳ್ಳ, ಕಾಯಿಸುವ ಅಥವಾ ತಂಪುಗೊಳಿಸುವ ಯಂತ್ರವಿಲ್ಲದ ಉಗ್ರಾಣಕ್ಕೆ ಈ ವಿಧಿ ಅನ್ವಯಿಸದು. ಬೀಸಣಿಗೆಯೂ ವಿದ್ಯುತ್ತನ್ನು ಬಳಸುವುದಷ್ಟೆ; ಹಾಗಾದರೆ ಈ ಭೇದವೇಕೆ?

ಗೋಡೆಯ ಮೂಲಕ ಉಷ್ಣವು ಹರಿಯುವ ದರ ಒಳಹೊರಗಿನ ಉಷ್ಣತೆಗಳ ವ್ಯತ್ಯಾಸವನ್ನು ಅನುಸರಿಸುತ್ತದೆಂದು ನಾವು ಬಲ್ಲೆವು. ಯಂತ್ರವು ಕೋಣೆಯನ್ನು ತಂಪಾಗಿಟ್ಟರೆ, ಒಳನುಗ್ಗಿದ ಉಷ್ಣವನ್ನೆಲ್ಲ ಅದೇ ಹೊರದೂಡಬೇಕು. ಶಕ್ತಿ ವ್ಯಯವಾಗುವುದು ಅಲ್ಲಿಯೇ. ಬೀಸಣಿಗೆಯಾದರೋ ಹೊರಗಿನ ಗಾಳಿಯನ್ನೇ ಒಳತರುತ್ತದೆ. ಸೆಕೆಂಡಿಗೆ 1 ಘನ ಮೀಟರು ಗಾಳಿ ಹಾದುಹೋದರೆ, ಅದು ಬಿಸಿಯಾಗುವ ಒಂದೊಂದು ಡಿಗ್ರಿಗೂ ಸುಮಾರು 1,200 ವಾಟ್ ಉಷ್ಣವನ್ನು ಹೊತ್ತೊಯ್ಯುತ್ತದೆ. ಒಂದೇ ವೇಗದಲ್ಲಿ ತಿರುಗುವ ಬೀಸಣಿಗೆಗೆ, ರೋಧಕವಿರಲಿ ಇಲ್ಲದಿರಲಿ, ಬೇಕಾಗುವ ವಿದ್ಯುತ್ತು ಅಷ್ಟೇ.

ಕಾಯಿಸಲು ಅಥವಾ ತಂಪುಗೊಳಿಸಲು ಚದರ ಮೀಟರಿಗೆ ಗರಿಷ್ಠ ದರ 10.7 ವಾಟ್‌ಗಿಂತ ಕಡಮೆಯಿರುವ ಕಟ್ಟಡಗಳನ್ನೂ ಸಂಹಿತೆಯ 2018ರ ಆವೃತ್ತಿ ಹೀಗೆಯೇ ಬಿಟ್ಟಿತ್ತು. ಮುಂದೆ ಉಗ್ರಾಣಕ್ಕೆ ತಂಪುಯಂತ್ರವನ್ನು ಕೂಡಿಸಿದರೆ ವಿನಾಯಿತಿ ತಪ್ಪುತ್ತದೆ. ದೀಪಗಳ ನಿಯಮಕ್ಕಂತೂ ವಿನಾಯಿತಿಯಿಲ್ಲ.

ಒಂದು ಮಾತನ್ನು ಮರೆಯಬಾರದು. ಸಂಹಿತೆ ಅಳೆಯುವುದು ಶಕ್ತಿಯನ್ನು, ದುಡಿಯುವವರ ಸುಖವನ್ನಲ್ಲ. ಬಿಸಿಲಿಗೆ ಕಾದ ತಗಡಿನ ಚಾವಣಿ ಕೆಳಗಿದ್ದವರ ಮೇಲೆ ಉಷ್ಣವಿಕಿರಣವನ್ನು ಸುರಿಸುತ್ತದೆ. ನಡುವಿನ ಗಾಳಿ ಅದನ್ನು ತಡೆಯಲಾರದು. ಅದನ್ನು ತಗ್ಗಿಸಬಲ್ಲವು ಬಿಳಿಯ ಬಣ್ಣ, ರೋಧಕ ಪದರಗಳು. ಕಾನೂನು ಕೇಳದಿದ್ದರೂ ಅವುಗಳ ಅಗತ್ಯ ಅಲ್ಲಿ ಇದ್ದೇ ಇದೆ.