ಅರ್ಜಿ ಬರೆಸಿ, ಕಲಂ ನೀವೇ ನೋಡಿ

ಪಹಣಿಯಲ್ಲಿ ತಂದೆಯ ಹೆಸರು ಒಂದು ರೀತಿ ಇದೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಸರಿಪಡಿಸಿಕೊಳ್ಳಲು ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರನ್ನು ಹುಡುಕುವ ಬದಲು ಈಗ ಫೋನಿನ ಮೈಕ್ ಗುರುತು ಒತ್ತಿ, "ನಮ್ಮ ಹೊಲದ ಪಹಣೀಲಿ ಅಪ್ಪನ ಹೆಸರು ತಪ್ಪು ಬಿದ್ದಿದೆ, ತಹಶೀಲ್ದಾರ್ ಸಾಹೇಬ್ರಿಗೆ ಒಂದು ಅರ್ಜಿ ಬರ್ಕೊಡು" ಎಂದರೆ ಸಾಕು. ಕೆಲವೇ ಸೆಕೆಂಡುಗಳಲ್ಲಿ 'ಇಂದ', 'ಗೆ', 'ಮಾನ್ಯರೇ', 'ವಿಷಯ' ಎಲ್ಲವೂ ತಂತಮ್ಮ ಜಾಗದಲ್ಲಿ ಕೂತು ಅರ್ಜಿ ಸಿದ್ಧವಾಗುತ್ತದೆ. ಸರ್ವೆ ನಂಬರು, ಹೋಬಳಿ, ಗ್ರಾಮಕ್ಕೆ ಖಾಲಿ ಜಾಗ ಬಿಟ್ಟಿರುತ್ತದೆ. ಲಗತ್ತಿಸಬೇಕಾದ ದಾಖಲೆಗಳ ಪಟ್ಟಿಯೂ ಕೊನೆಯಲ್ಲಿರುತ್ತದೆ. ನಡುವೆ ಎಲ್ಲೋ "ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಇಂಥ ಕಲಮಿನ ಪ್ರಕಾರ" ಎಂಬ ಸಾಲೂ ಬಂದಿರಬಹುದು. ಕಾಯ್ದೆಯ ಹೆಸರು ಸರಿ, ಇಸವಿ ಸರಿ. ಕಲಮಿನ ಸಂಖ್ಯೆ ಸರಿಯೋ ತಪ್ಪೋ ಎಂಬುದು ಮಾತ್ರ ಓದಿದರೆ ಗೊತ್ತಾಗುವುದಿಲ್ಲ. ಸರಿಯಾದದ್ದನ್ನೂ ತಪ್ಪಾದದ್ದನ್ನೂ ಯಂತ್ರ ಒಂದೇ ಧೈರ್ಯದಿಂದ ಬರೆದಿರುತ್ತದೆ.

ಅರ್ಜಿಯನ್ನು ಅಷ್ಟು ಅಚ್ಚುಕಟ್ಟಾಗಿ ಬರೆಯುವ ಯಂತ್ರವೇ ಒಂದು ಸಂಖ್ಯೆಯಲ್ಲಿ ಎಡವುತ್ತದಲ್ಲ, ಏಕೆ? ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ, ಚಾಟ್‌ಬಾಟನ್ನು ದಿನಬಳಕೆಯಲ್ಲಿ ಎಲ್ಲಿ ನೆಚ್ಚಬೇಕು, ಎಲ್ಲಿ ನೆಚ್ಚಬಾರದು ಎಂಬುದು ಬಹುಮಟ್ಟಿಗೆ ಗೊತ್ತಾದಂತೆಯೇ.

ಚಾಟ್‌ಬಾಟ್ ಒಳಗೆ ಕೆಲಸ ಮಾಡುವುದು ಭಾಷಾ ಮಾದರಿ. 2017ರಲ್ಲಿ ಗೂಗಲ್‌ನ ಎಂಟು ಮಂದಿ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸವೇ ಇವತ್ತಿನ ಹೆಸರಾಂತ ಮಾದರಿಗಳಿಗೆಲ್ಲ ತಳಹದಿ. ಅಪಾರ ಪ್ರಮಾಣದ ಬರಹವನ್ನು ಅದಕ್ಕೆ ಉಣಿಸಿ, ಪ್ರತಿ ಹಂತದಲ್ಲೂ ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದನ್ನು ಕಲಿಸುತ್ತಾರೆ. ಊಹೆ ತಪ್ಪಿದಾಗಲೆಲ್ಲ ಒಳಗಿನ ಕೋಟ್ಯಂತರ ಸಂಖ್ಯೆಗಳು ಚೂರುಚೂರೇ ಬದಲಾಗುತ್ತವೆ. ಕಲಿಕೆ ಮುಗಿದ ಮೇಲೆ ಉಳಿಯುವುದು ಆ ಸಂಖ್ಯೆಗಳು. ಓದಿದ ಪುಟಗಳನ್ನು ಅದು ತೆರೆದು ನೋಡಲು ಬರುವಂತೆ ಎತ್ತಿಟ್ಟುಕೊಂಡಿರುವುದಿಲ್ಲ. ಅಂತರ್ಜಾಲದಲ್ಲಿ ಹುಡುಕುವ ಸೌಲಭ್ಯ ಜೋಡಿಸದಿದ್ದರೆ, ಪ್ರಶ್ನೆ ಕೇಳಿದಾಗ ಅದು ಉತ್ತರವನ್ನು ಎಲ್ಲಿಂದಲೋ ಹುಡುಕಿ ತರುವುದಿಲ್ಲ, ತುಣುಕಿಗೆ ತುಣುಕು ಜೋಡಿಸಿ ಆ ಕ್ಷಣದಲ್ಲೇ ಕಟ್ಟುತ್ತದೆ. ಅರ್ಜಿಯ ನಮೂನೆ ಲೆಕ್ಕವಿಲ್ಲದಷ್ಟು ಕಡೆ ಒಂದೇ ಥರ ಬಂದಿರುವುದರಿಂದ ಅದು ತಪ್ಪುವುದೇ ಅಪರೂಪ. ಒಂದು ರಾಜ್ಯದ ಒಂದು ಕಾಯ್ದೆಯ ಒಂದು ಕಲಂ ಬೆರಳೆಣಿಕೆಯ ಕಡೆ ಬಂದಿರುತ್ತದೆ. ಅಲ್ಲಿ ಒಂದು ಸಂಖ್ಯೆ ಬರಬೇಕೆಂದು ಮಾದರಿಗೆ ಚೆನ್ನಾಗಿ ಗೊತ್ತು, ಯಾವ ಸಂಖ್ಯೆ ಎಂಬುದು ಅಷ್ಟು ಚೆನ್ನಾಗಿ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಾರದೇ? ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಸಂಶೋಧಕರು 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಕೊಡುವ ಕಾರಣ ನಮ್ಮ ಸಿಇಟಿ ಬರೆದವರಿಗೆ ತಟ್ಟನೆ ಹೊಳೆಯುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಬರುವ ವಿದ್ಯಾರ್ಥಿ ಇಲ್ಲ. ಯಾವುದೋ ಒಂದು ವೃತ್ತ ತುಂಬಿಯೇ ಬರುತ್ತಾರೆ. ಮಾದರಿಗಳನ್ನು ಅಳೆಯುವ ಬಹುತೇಕ ಪರೀಕ್ಷೆಗಳೂ ಹಾಗೆಯೇ. ಸರಿಯುತ್ತರಕ್ಕೆ ಅಂಕವಿದೆ, 'ತಿಳಿಯದು' ಎಂಬುದಕ್ಕೆ ಸೊನ್ನೆ. ಇಂಥ ಪರೀಕ್ಷೆಗಳಲ್ಲಿ ಮೇಲೆ ಬರಬೇಕೆಂದು ತಿದ್ದಿತೀಡಿದ ಮಾದರಿ ಊಹಿಸುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಆ ಪ್ರಬಂಧದ ಲೇಖಕರಲ್ಲೊಬ್ಬರು ತಮ್ಮದೇ ಹುಟ್ಟಿದ ದಿನ ಯಾವುದೆಂದು ಒಂದು ಮಾದರಿಯನ್ನು ಕೇಳಿದಾಗ ಮೂರು ಸಲ ಮೂರು ಬೇರೆ ದಿನಾಂಕ ಬಂತು. ಮೂರೂ ತಪ್ಪು.

ಇನ್ನು ಜನ ನಿಜವಾಗಿ ಇದನ್ನು ಯಾವುದಕ್ಕೆ ಬಳಸುತ್ತಿದ್ದಾರೆ? ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಮೂರು ವರ್ಷ ತುಂಬುವ ಮುಂಚೆ, 2025ರ ಸೆಪ್ಟೆಂಬರಿನಲ್ಲಿ, ಓಪನ್‌ಎಐನ ಅರ್ಥಶಾಸ್ತ್ರಜ್ಞರು ಹಾರ್ವರ್ಡ್‌ನ ಡೇವಿಡ್ ಡೆಮಿಂಗ್ ಅವರ ಜೊತೆ ಸೇರಿ ಅದರ ಬಳಕೆಯ ದೊಡ್ಡ ಅಧ್ಯಯನವೊಂದನ್ನು ಹೊರತಂದರು. ಸಂದೇಶಗಳನ್ನು ಮನುಷ್ಯರು ಓದದೆ, ಯಂತ್ರದಿಂದಲೇ ವಿಂಗಡಿಸಿದ ಲೆಕ್ಕ ಅದು. ಒಂದೇ ಕಂಪನಿಯ ಉತ್ಪನ್ನದ್ದು, ಅದೂ ಆ ಕಂಪನಿಯೇ ಕೊಟ್ಟದ್ದು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಅದರ ಅಂಕಿಗಳು ಕಣ್ಣು ತೆರೆಸುತ್ತವೆ. 2025ರ ಜುಲೈ ಹೊತ್ತಿಗೆ ವಾರಕ್ಕೆ 70 ಕೋಟಿ ಬಳಕೆದಾರರು, ವಾರಕ್ಕೆ 1,800 ಕೋಟಿ ಸಂದೇಶ. ಅದರಲ್ಲಿ ಶೇ 70ಕ್ಕೂ ಹೆಚ್ಚು ಪಾಲು ನೌಕರಿಗೆ ಸಂಬಂಧಿಸಿದ್ದಲ್ಲ. ಹೀಗೆ ಮಾಡುವುದು ಹೇಗೆ ಎಂಬ ಸಲಹೆ, ಮಾಹಿತಿ, ಬರವಣಿಗೆ, ಈ ಮೂರೇ ಒಟ್ಟು ಬಳಕೆಯ ಸುಮಾರು ಶೇ 80ರಷ್ಟು. ಎಲ್ಲರೂ ಕೋಡ್ ಬರೆಸಿಕೊಳ್ಳುತ್ತಿದ್ದಾರೆ ಎಂದು ಬೆಂಗಳೂರಿನಲ್ಲಿ ಕೂತರೆ ಅನ್ನಿಸಬಹುದು, ಅದು ಬರೀ ಶೇ 4.2.

ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಹೆಚ್ಚು ಸುದ್ದಿಯಾಗದ ಒಂದು ವಿವರ. ಬರವಣಿಗೆಗೆಂದು ಬರುವ ಕೋರಿಕೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊಸದಾಗಿ ಏನನ್ನೋ ಬರೆದುಕೊಡು ಎಂಬುದಲ್ಲ. ತಾವೇ ಬರೆದು ತಂದದ್ದನ್ನು ತಿದ್ದು, ಚಿಕ್ಕದು ಮಾಡು, ಅನುವಾದಿಸು, ಹೇಗಿದೆ ಹೇಳು ಎಂಬುದು. ಯಾರೂ ಹೇಳಿಕೊಡದೆ ಜನ ಈ ಯಂತ್ರದ ಅತ್ಯುತ್ತಮ ಉಪಯೋಗವನ್ನು ಕಂಡುಕೊಂಡಿದ್ದಾರೆ. ವಿಷಯ ನಮ್ಮದಾಗಿದ್ದು, ರೂಪ ಮಾತ್ರ ಯಂತ್ರದ್ದಾದರೆ ತಪ್ಪು ಎಲ್ಲಿ ನುಸುಳಿದರೂ ನಮ್ಮ ಕಣ್ಣಿಗೆ ಬೀಳುತ್ತದೆ. ಅಪ್ಪನ ಹೆಸರು ನಮಗೆ ಗೊತ್ತು, ಹೊಲದ ಸರ್ವೆ ನಂಬರು ಗೊತ್ತು. ಅರ್ಜಿಯ ಧಾಟಿ ಗೊತ್ತಿಲ್ಲ, ಅಷ್ಟನ್ನು ಯಂತ್ರ ತುಂಬಿಕೊಡುತ್ತದೆ. ನಮ್ಮಲ್ಲಿ ಇಲ್ಲದ, ಪರೀಕ್ಷಿಸಲೂ ಬಾರದ ಸಂಗತಿಯನ್ನು ಅದರಿಂದ ಹೊರಡಿಸಲು ಹೋದಾಗ ಕಷ್ಟ ಶುರು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿ ನ್ಯಾಯಾಲಯಕ್ಕೆ ವಾದ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು.

ಆರೋಗ್ಯದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಲ್ಯಾಬ್ ರಿಪೋರ್ಟಿನಲ್ಲಿ 'ಎಚ್‌ಬಿಎ1ಸಿ 6.1' ಎಂದಿದೆ ಎಂದುಕೊಳ್ಳಿ. ಇದೇನೆಂದು ಕೇಳಿದರೆ, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ ಎಂದು ಚಾಟ್‌ಬಾಟ್ ಸರಿಯಾಗಿ ಹೇಳುತ್ತದೆ. ಸಾವಿರಾರು ಕಡೆ ಬರೆದಿಟ್ಟ ಮಾತು ಅದು. ಡಾಕ್ಟರಿಗೆ ಏನೇನು ಕೇಳಬೇಕು ಎಂಬ ಪಟ್ಟಿಯನ್ನೂ ಮಾಡಿಕೊಡುತ್ತದೆ. ಕಿಕ್ಕಿರಿದ ಓಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ಆ ಪಟ್ಟಿ ಕೈಯಲ್ಲಿದ್ದರೆ ದೊಡ್ಡ ಉಪಕಾರ, ಇದನ್ನು ಮನಸಾರೆ ಹೇಳುತ್ತೇನೆ.

ಇನ್ನೊಂದು ತುದಿಗೆ ಅಮೆರಿಕದ 60 ವರ್ಷದ ಒಬ್ಬರ ಕಥೆ ಇದೆ. 2025ರ ಆಗಸ್ಟಿನಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಕೆಟ್ಟದ್ದೆಂದು ಓದಿ ಕ್ಲೋರೈಡನ್ನೇ ಊಟದಿಂದ ತೆಗೆಯಲು ಅವರು ಹೊರಟರು. ಚಾಟ್‌ಜಿಪಿಟಿಯನ್ನು ವಿಚಾರಿಸಿದ ಮೇಲೆ ಆನ್‌ಲೈನಿನಲ್ಲಿ ಸೋಡಿಯಂ ಬ್ರೋಮೈಡ್ ತರಿಸಿ ಮೂರು ತಿಂಗಳು ಉಪ್ಪಿನ ಬದಲು ಬಳಸಿದರು. ಪಕ್ಕದ ಮನೆಯವರು ತಮಗೆ ವಿಷ ಹಾಕುತ್ತಿದ್ದಾರೆ ಎಂಬ ಭ್ರಮೆಯೊಂದಿಗೆ ಆಸ್ಪತ್ರೆ ಸೇರಿದರು. ಬ್ರೋಮೈಡ್ ಮೈಯಲ್ಲಿ ಸೇರುತ್ತಾ ಹೋದರೆ ಬರುವ ನಂಜು ಅದು. ಅವರು ನಡೆಸಿದ ಸಂಭಾಷಣೆ ವೈದ್ಯರಿಗೆ ಸಿಗಲಿಲ್ಲ. ಹಳೆಯ ಆವೃತ್ತಿಯೊಂದಕ್ಕೆ ತಾವೇ ಪ್ರಶ್ನೆ ಹಾಕಿ ನೋಡಿದಾಗ ಬ್ರೋಮೈಡಿನ ಹೆಸರು ಬಂತು. ಸಂದರ್ಭ ನೋಡಿಕೊಳ್ಳಬೇಕು ಎಂದಷ್ಟೇ ಅದು ಹೇಳಿತು. ಯಾತಕ್ಕಾಗಿ ಕೇಳುತ್ತಿದ್ದೀರಿ ಎಂದು ಮಾತ್ರ ವಿಚಾರಿಸಲಿಲ್ಲ. ಕ್ಲೋರೈಡಿಗೆ ಬದಲು ಬ್ರೋಮೈಡ್ ಎಂಬ ಮಾತು ಶುಚಿಗೊಳಿಸುವ ರಾಸಾಯನಿಕಗಳ ಲೋಕದಲ್ಲಿ ಸರಿಯಿರಬಹುದು. ಊಟದ ತಟ್ಟೆಗೆ ಬಂದಾಗ ವಿಷ. ಊರಿನ ಯಾವ ವೈದ್ಯರಾದರೂ ಮೊದಲು ಕೇಳುತ್ತಿದ್ದುದೇ ಯಂತ್ರ ಕೇಳದೆ ಬಿಟ್ಟ ಆ ಪ್ರಶ್ನೆಯನ್ನು.

ಕೇಳಿದವರ ಮಾತನ್ನು ಒಪ್ಪಿಕೊಳ್ಳುವ ಸ್ವಭಾವವೂ ಚಾಟ್‌ಬಾಟ್‌ಗಳಿಗಿದೆ. ತರಬೇತಿಯ ಮುಂದಿನ ಹಂತವೊಂದರಲ್ಲಿ ಮನುಷ್ಯರು ಎರಡು ಉತ್ತರ ನೋಡಿ, ಯಾವುದು ಮೇಲು ಎಂದು ಗುರುತು ಹಾಕುತ್ತಾರೆ. ಹೌದು ಎನ್ನುವ, ಹೊಗಳುವ ಉತ್ತರ ಯಾರಿಗಾದರೂ ಹಿತವಾಗುತ್ತದೆ. ಯಂತ್ರ ಆ ಹಿತವನ್ನೇ ಕಲಿಯುತ್ತದೆ. 2025ರ ಏಪ್ರಿಲಿನಲ್ಲಿ ಚಾಟ್‌ಜಿಪಿಟಿಗೆ ಬಂದ ಒಂದು ಪರಿಷ್ಕರಣೆ ಎಷ್ಟು ಮುಖಸ್ತುತಿ ಮಾಡತೊಡಗಿತೆಂದರೆ, ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಾಗಾಗಿ "ನಾನು ಅಂಗಡಿ ಹಾಕಬೇಕೆಂದಿದ್ದೇನೆ, ಒಳ್ಳೆಯ ಯೋಚನೆ ಅಲ್ಲವೇ?" ಎಂದು ಕೇಳುವುದಕ್ಕಿಂತ "ಈ ಯೋಜನೆಯಲ್ಲಿ ದುಡ್ಡು ಮುಳುಗುವುದಿದ್ದರೆ ಎಲ್ಲಿ ಮುಳುಗುತ್ತದೆ?" ಎಂದು ಕೇಳುವುದು ಲೇಸು.

ಮನಸ್ಸಿನ ದುಃಖ ಹೇಳಿಕೊಳ್ಳುವವರ ಬಗ್ಗೆ ಆತಂಕದ ಮಾತು ಬಹಳ ಕೇಳುತ್ತೇವೆ. ಯಂತ್ರದ ಮುಂದೆ ಮನಸ್ಸು ಬಿಚ್ಚುವುದು ಹೊಸದೇನಲ್ಲ. 1966ರಲ್ಲೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್, ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವ 'ಎಲೈಜಾ' ಎಂಬ ಸರಳ ಪ್ರೋಗ್ರಾಮಿನ ವಿವರ ಪ್ರಕಟಿಸಿದ್ದರು. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ಕೂತಾಗ, ಸ್ವಲ್ಪ ಹೊರಗಿರಿ ಎಂದು ಅವರನ್ನು ಕೇಳಿಕೊಂಡರು. ಸಂಬಂಧ, ಸ್ವಂತ ಬದುಕಿನ ಚಿಂತೆ ಇವು ಚಾಟ್‌ಜಿಪಿಟಿ ಬಳಕೆಯ ಆ ಅಧ್ಯಯನದಲ್ಲಿ ಶೇ 1.9 ಮಾತ್ರ. ಪಾಲು ಸಣ್ಣದು, ಆದರೆ 1,800 ಕೋಟಿಯಲ್ಲಿ ಅದು ವಾರಕ್ಕೆ 34 ಕೋಟಿ ಸಂದೇಶಗಳಾಗುತ್ತದೆ. ಮಾತಾಡಲು ಯಾರೂ ಇಲ್ಲದವರು ಆ ಸಂದೇಶಗಳ ಹಿಂದೆ ಎಷ್ಟು ಮಂದಿಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಮಕ್ಕಳಿರುವ ಮನೆಯವರು ತಿಳಿಯಲೇಬೇಕಾದ ಪ್ರಯೋಗವೊಂದು ಟರ್ಕಿಯಲ್ಲಿ ನಡೆಯಿತು. ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಗಣಿತದ ಅಭ್ಯಾಸ. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್, ಇನ್ನೊಂದಕ್ಕೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆಯಿಂದ ಪಳಗಿಸಿದ್ದು, ಮೂರನೆಯದಕ್ಕೆ ಯಾವುದೂ ಇಲ್ಲ. ಅಭ್ಯಾಸದ ವೇಳೆ ಸಾಮಾನ್ಯ ಚಾಟ್‌ಬಾಟ್ ಇದ್ದವರ ಸಾಧನೆ ಶೇ 48ರಷ್ಟು ಹೆಚ್ಚಿತು. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟರೆ, ಮೊದಲಿಂದಲೂ ಬರೀ ಪುಸ್ತಕ ಹಿಡಿದಿದ್ದವರಿಗಿಂತ ಶೇ 17ರಷ್ಟು ಕಡಿಮೆ ಅಂಕ. ಸುಳಿವಿನ ಗುಂಪಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಎಸ್ಸೆಸ್ಸೆಲ್ಸಿ ಓದುವ ಮಗಳು ಲೆಕ್ಕ ಕೇಳುವಾಗ "ಉತ್ತರ ಹೇಳಬೇಡ, ಮುಂದಿನ ಒಂದು ಹೆಜ್ಜೆಯ ಸುಳಿವು ಕೊಡು, ನಾನು ಮಾಡಿದ್ದು ಎಲ್ಲಿ ತಪ್ಪಿದೆ ತೋರಿಸು" ಎಂದು ಮೊದಲೇ ಸೇರಿಸಿದರೆ, ಆ ಪಳಗಿಸಿದ ಯಂತ್ರದ ಒಂದಷ್ಟು ಗುಣ ಮನೆಯಲ್ಲೂ ಸಿಗುತ್ತದೆ.

ಇಷ್ಟೆಲ್ಲ ಯಾವ ಭಾಷೆಯಲ್ಲಿ ಕೇಳಿದರೂ ಇರುವ ಮಾತು. ಕನ್ನಡದಲ್ಲಿ ಕೇಳುವವರಿಗೆ ಇನ್ನೂ ಒಂದು ತೊಡಕಿದೆ. 'ಅಕ್ಕಿ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಎಂಬ ಲಿಪಿಸಂಕೇತ ಪದ್ಧತಿಯಲ್ಲಿ ಅದು ಐದು ಸಂಕೇತ: ಅ, ಕ, ಹಲಂತ, ಮತ್ತೆ ಕ, ಇಕಾರದ ಗುಡಿಸು. ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 15 ಬೈಟು. ಅದೇ ಅರ್ಥದ ಇಂಗ್ಲಿಷ್ ಪದಕ್ಕೆ ನಾಲ್ಕೇ ಬೈಟು. ಮಾದರಿಗಳು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಕತ್ತರಿಸಿ ಓದುತ್ತವೆ. ಯಾವ ಬೈಟುಗಳು ಹೆಚ್ಚಾಗಿ ಒಟ್ಟಿಗೆ ಬರುತ್ತವೋ ಅವನ್ನು ಒಂದೇ ತುಣುಕಾಗಿ ಕಟ್ಟುತ್ತಾರೆ. ತರಬೇತಿಯ ರಾಶಿಯಲ್ಲಿ ಕನ್ನಡ ಕಡಿಮೆ ಇದ್ದರೆ ಕನ್ನಡದ ಕಟ್ಟುಗಳು ಮೂಡುವುದಿಲ್ಲ, ಪದಗಳು ಪುಡಿಪುಡಿಯಾಗಿಯೇ ಉಳಿಯುತ್ತವೆ. ಒಂದೇ ವಿಷಯಕ್ಕೆ ಹೆಚ್ಚು ಟೋಕನ್, ಹೆಚ್ಚು ಖರ್ಚು, ನಿಧಾನ, ಬೇಗ ತುಂಬಿಹೋಗುವ ನೆನಪು. 2023ರ ಅಧ್ಯಯನವೊಂದರಲ್ಲಿ ಭಾಷೆಗಳ ನಡುವೆ ಈ ಅಂತರ 15 ಪಟ್ಟಿನವರೆಗೂ ಕಂಡಿತ್ತು. ಸ್ಥಿತಿ ಸುಧಾರಿಸುತ್ತಿದೆ. 2024ರ ಮೇ ತಿಂಗಳಿನಲ್ಲಿ ಓಪನ್‌ಎಐನ ಜಿಪಿಟಿ-4ಒ ಎಂಬ ಮಾದರಿ ಬಂದಾಗ ಕಂಪನಿ ಕೊಟ್ಟ ಉದಾಹರಣೆ ವಾಕ್ಯದಲ್ಲಿ ತೆಲುಗಿನ ಟೋಕನ್‌ಗಳು 3.5 ಪಟ್ಟು, ತಮಿಳಿನವು 3.3 ಪಟ್ಟು ಇಳಿದಿದ್ದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಬರೀ ಕತ್ತರಿಸುವ ರೀತಿ ಸರಿಹೋದರೆ ಸಾಲದು, ಓದಲು ಕನ್ನಡ ಬೇಕು. ಇಲ್ಲಿ ನಮ್ಮದೇ ಮನೆಯ ಕೆಲಸವೊಂದು ಬಾಕಿ ಇದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಬಹುಕಾಲ, ಕಚೇರಿಗಳಲ್ಲಿ ಮತ್ತು ಮುದ್ರಣಾಲಯಗಳಲ್ಲಿ ಕನ್ನಡವನ್ನು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರು. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುತ್ತವೆ. ತೆರೆಯ ಮೇಲೆ ಸುಂದರವಾದ ಕನ್ನಡ. ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಯಂತ್ರಕ್ಕೆ ಕಾಣುವುದೂ ಆ ಸಾಲೇ. ಹಾಗೆ ದಶಕಗಳ ಸುತ್ತೋಲೆ, ನಡಾವಳಿ, ಕೃಷಿ ಕೈಪಿಡಿ, ಪುಸ್ತಕಗಳ ಕಡತ ಎಷ್ಟೋ ಕಂಪ್ಯೂಟರುಗಳಲ್ಲಿ ಇದ್ದೂ ಇಲ್ಲದಂತಿವೆ. ಇವನ್ನು ಯೂನಿಕೋಡಿಗೆ ತರಲು ಹೊಸ ಸಂಶೋಧನೆ ಏನೂ ಬೇಕಿಲ್ಲ, ಪರಿವರ್ತಿಸುವ ತಂತ್ರಾಂಶಗಳು ವರ್ಷಗಳಿಂದ ಉಚಿತವಾಗಿ ಸಿಗುತ್ತಿವೆ. ಕಡತ ತೆರೆದು, ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತುಗಳು ಕೆಟ್ಟಿರುವ ಕಡೆ ಕೂತು ತಿದ್ದುವ ಜನ ಬೇಕು, ಅವರಿಗೆ ಕೂಲಿ ಕೊಡುವ ಮನಸ್ಸು ಇಲಾಖೆಗಳಿಗೆ, ಪ್ರಕಾಶಕರಿಗೆ ಬೇಕು.