ಕಾಗೆಯೇನೂ ದಡ್ಡ ಹಕ್ಕಿಯಲ್ಲ

ಯುಗಾದಿ ಹತ್ತಿರವಾದಂತೆ ರಾಮನಗರ, ಚನ್ನಪಟ್ಟಣದ ಮಾವಿನ ತೋಪುಗಳಲ್ಲಿ ಕೋಗಿಲೆಯ ದನಿ ಏರುತ್ತದೆ. ಮಾವು ಚಿಗುರಿದ ಸಂತೋಷಕ್ಕೆ ಅದು ಹಾಡುತ್ತದೆ ಎಂದು ಕವಿಗಳು ಹೇಳಿಕೊಂಡು ಬಂದಿದ್ದಾರೆ. ಪಕ್ಕದ ಮರಕ್ಕೆ ಕಾಗೆ ಕಡ್ಡಿ ಹೊರುತ್ತಿರುವುದನ್ನು ನಾವು ಗಮನಿಸುವುದಿಲ್ಲ. ಕೋಗಿಲೆ ಗಮನಿಸುತ್ತದೆ. ಗೂಡು ಕಟ್ಟದ ಅದರ ಸಂಸಾರ ಬೆಳೆಯಬೇಕಾದದ್ದು ಅಲ್ಲಿಯೇ.

‘ಕುಹೂ’ ಎನ್ನುವುದು ಗಂಡು. ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣಿನದು ಬಿಳಿ ಚುಕ್ಕೆಗಳಿರುವ ಕಂದು ಮೈ. ಗಂಡು ಗೂಡಿನ ಬಳಿ ಕೂಗಿ ಕೆಣಕುತ್ತದೆ, ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋದಾಗ ಹೆಣ್ಣು ನುಗ್ಗಿ ಮೊಟ್ಟೆಯಿಟ್ಟು ಬರುತ್ತದೆ ಎಂದು ಪಕ್ಷಿವೀಕ್ಷಕರು ಬರೆದಿದ್ದಾರೆ. ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು, ಬಣ್ಣದಲ್ಲಿ ಹೆಚ್ಚುಕಡಿಮೆ ಅದರಂತೆಯೇ. ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ ಒಡೆಯುತ್ತದೆ. ಕಾಗೆಮರಿಗಳು ಕಣ್ಣು ಬಿಡುವ ಮೊದಲೇ ಗುಟುಕಿಗೆ ಬಾಯಿ ತೆರೆದಿರುತ್ತದೆ.

ಕೋಗಿಲೆಗೆ ‘ಪರಭೃತ’, ಎಂದರೆ ಪರರು ಸಾಕಿದ್ದು, ಎಂಬ ಹೆಸರು ಸಂಸ್ಕೃತದಲ್ಲಿ ಬಹಳ ಹಳೆಯದು. ಕಾಳಿದಾಸನ ದುಷ್ಯಂತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಹಂಗಿಸಲು ಎತ್ತಿಕೊಳ್ಳುವುದೂ ಇದೇ ಹಕ್ಕಿಯನ್ನು. ಅವನು ಶಕುಂತಲೆಗೆ ಅನ್ಯಾಯ ಮಾಡಿದ. ಕೋಗಿಲೆಗೂ ಸ್ವಲ್ಪ ಮಾಡಿದನೆನ್ನಬೇಕು. ಸಿಡುಬಿಗೆ ದೇವಿ ಹಾಕುವುದನ್ನು ಕಲಿಸಿದ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಅಲ್ಲಿಯ ಕೋಗಿಲೆಯ ಮರಿ ಜೊತೆಯ ಮರಿಗಳನ್ನು ಬೆನ್ನ ಮೇಲೆ ಹೊತ್ತು ಗೂಡಿನಿಂದಾಚೆ ಕೆಡಹುವುದನ್ನು 1788ರಲ್ಲಿ ವಿವರಿಸಿದ. ನಮ್ಮ ಕೋಗಿಲೆಯ ಮರಿ ಸಾಮಾನ್ಯವಾಗಿ ಅಷ್ಟು ಕ್ರೂರಿಯಲ್ಲ. ಮೊದಮೊದಲು ಕಾಗೆಯಂತೆಯೇ ಕರ್ಕಶವಾಗಿ ಕೂಗಿ ಅನ್ನ ಬೇಡುತ್ತದೆ. ಕಾಗೆಯ ಒಂದೆರಡು ಮರಿಗಳು ಜೊತೆಯಲ್ಲೇ ಬೆಳೆಯುವುದುಂಟು. ಹೆಣ್ಣು ಕೋಗಿಲೆಯೇ ಬಂದು ಮರಿಗೆ ಗುಟುಕು ಕೊಟ್ಟದ್ದನ್ನೂ ಕಂಡವರಿದ್ದಾರೆ.

ಹಾಗಾದರೆ ಇಷ್ಟು ಚತುರವಾದ ಕಾಗೆ ಮೋಸ ಹೋಗುವುದೇಕೆ? ಕಾಗೆಯ ಮೊಟ್ಟೆಗಳೇ ಒಂದರಂತೆ ಇನ್ನೊಂದಿರುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಎಸೆಯುತ್ತ ಹೋದರೆ ತನ್ನದನ್ನೇ ಎಸೆದುಬಿಡಬಹುದು. ಅದಕ್ಕಿಂತ ಒಂದು ಹೊಟ್ಟೆ ಹೆಚ್ಚು ತುಂಬಿಸುವುದೇ ಅಗ್ಗ. ಕೋಗಿಲೆಯನ್ನು ಕಂಡರೆ ಅಟ್ಟುವುದನ್ನಂತೂ ಅದು ಬಿಟ್ಟಿಲ್ಲ.

ಮಾಗಡಿಯ ಸಾವನದುರ್ಗದಂಥ ಕುರುಚಲು ಕಾಡಿನಲ್ಲಿ, ಕನಕಪುರದ ಹೊಲಗಳ ಬೇಲಿಯಲ್ಲಿ ಕದನದ ಪಾತ್ರಧಾರಿಗಳು ಬೇರೆ. ಗುಂಪುಗುಂಪಾಗಿ ಗದ್ದಲ ಮಾಡುವ ಹರಟೆಮಲ್ಲಗಳು ನೀಲಿ ಮೊಟ್ಟೆಯಿಡುತ್ತವೆ. ಅವುಗಳ ಗೂಡಿಗೆ ಕನ್ನ ಹಾಕುವ ಚಾತಕದ ಮೊಟ್ಟೆಯೂ ನೀಲಿ! ಮಳೆಹನಿಯನ್ನಷ್ಟೇ ಕುಡಿಯುವ ಸಾಧುವೆಂದು ನಾವು ಹೊಗಳಿದ ಹಕ್ಕಿ ಇದೇ.

ಬೆಂಗಳೂರು-ಮೈಸೂರು ಹೆದ್ದಾರಿ ಅಗಲವಾದಾಗ ದಾರಿಬದಿಯ ದೊಡ್ಡ ಮರಗಳು ಉರುಳಿದವು. ಕಾಗೆಗೆ ಅದು ಅಂಥ ಕಷ್ಟವಲ್ಲ. ತಂತಿ ಚೂರು ಸೇರಿಸಿ ವಿದ್ಯುತ್ ಕಂಬದ ಮೇಲಾದರೂ ಗೂಡು ಕಟ್ಟೀತು. ಎಲೆಮರೆಯಲ್ಲಿ ಅಡಗಿ ಹೊಂಚುವ ಹೆಣ್ಣು ಕೋಗಿಲೆ ಬೋಳು ಕಂಬದ ಬಳಿ ಎಲ್ಲಿ ಕೂರಬೇಕು?